ಒಂದೇ ಬಾಣ, ಎರಡು ಕೈ

“ಹಿಂಗಲ್ರಿ,” ಎಂದಳು ಪೂನಮ. “ನೀವು ಭಾಳ ಅವಸರ ಮಾಡ್ತೀರಿ. ಆ ಬಾಣ ಹಿಂಗ ಓಡ್ತಿದ್ದಿಲ್ಲ.”

ರೂಪೇಶ ಮೌಸ್ ಬಿಟ್ಟು ಬೆರಳ ಲಟಿಕೆ ಮುರಿದುಕೊಂಡ. ಕಂಪ್ಯೂಟರ್ ತನಿಖೆಗೆಂದು ಇಲಾಖೆ ಕಳಿಸಿದ್ದ ಹುಡುಗ ಅವನು. ಪರದೆಯ ಮೇಲಿನ ಪುಟ್ಟ ಬಾಣವನ್ನು ಬೆಳಗಿನಿಂದ ಹತ್ತೆಂಟು ರೀತಿಯಲ್ಲಿ ಓಡಿಸಿ ತೋರಿಸಿದ್ದ. ಪೂನಮ ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದ್ದಳು.

ಉಗಾರ ಬುದ್ರುಕದ ಹೊರಗೆ, ಕಬ್ಬಿನ ನಡುವೆ ಇದ್ದ ರಾವಸಾಹೇಬನ ಮನೆಯ ಹಿಂದಿನ ಕೋಣೆ ಅದು. ಒಂದು ಮಂಚ, ಒಂದು ಕುರ್ಚಿ, ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ಸೋನೋಗ್ರಾಫಿ ಯಂತ್ರವನ್ನು ಜಪ್ತಿ ಮಾಡಿ ಒಯ್ದಾಗಿತ್ತು. ಕಬ್ಬೂರಿನ ಮೇಘಾ ತನ್ನ ಹೊಟ್ಟೆಯಲ್ಲಿರುವುದೂ ಹೆಣ್ಣೇ ಎಂದು ತಿಳಿದುಕೊಂಡದ್ದು ಈ ಮಂಚದ ಮೇಲೆ. ಆಮೇಲೆ ನುಂಗಿಸಿದ ಗುಳಿಗೆಯಿಂದ ರಕ್ತ ನಿಲ್ಲದೆ ಅವಳು ಸತ್ತಿದ್ದಳು.

ಸಬ್ ಇನ್‌ಸ್ಪೆಕ್ಟರ್ ಅನುಸೂಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕುಳಿತರೆ ಏಳಲು ಮನಸ್ಸಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಪ್ರಕರಣ ಕೈಗೆ ಬಂದಾಗಿನಿಂದ ನಿಪ್ಪಾಣಿ, ರಾಯಬಾಗ, ಅಥಣಿ ಎಂದು ದವಾಖಾನೆಗಳ ಮೆಟ್ಟಿಲು ಹತ್ತಿ ಇಳಿದು ಅವಳ ಮೊಣಕಾಲು ಊದಿಕೊಂಡಿದ್ದವು. ಎಲ್ಲ ಡಾಕ್ಟರರೂ ಚಹಾ ಕುಡಿಸಿದ್ದರು. ಎಲ್ಲರೂ ತಮಗೆ ಗೊತ್ತಿಲ್ಲ ಎಂದಿದ್ದರು.

ಗೊತ್ತಿದ್ದವರೂ ಗೊತ್ತಿಲ್ಲ ಎನ್ನಬಹುದಾದ ಪ್ರಕರಣ ಇದು. ಏಕೆಂದರೆ ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಡಾಕ್ಟರು ಈ ಕೋಣೆಗೆ ಕಾಲಿಟ್ಟೇ ಇರಲಿಲ್ಲ. ಮನೆಯ ಯಜಮಾನ ರಾವಸಾಹೇಬ ಜೈಲಿನಲ್ಲಿ ಬಾಯಿ ಹೊಲಿದುಕೊಂಡು ಕುಳಿತಿದ್ದ. ಮೇಘಾಳ ಅತ್ತೆ ಅಕ್ಕುತಾಯಿ, ತಾನು ಯಾವ ಡಾಕ್ಟರನ್ನೂ ಕಂಡಿಲ್ಲವೆಂದು ದೇವರ ಮೇಲೆ ಆಣೆ ಇಟ್ಟಿದ್ದಳು. ಆ ಆಣೆ ಸುಳ್ಳಾಗಿರಲಿಲ್ಲ.

ಹೆಂಗಸರ ಹೊಟ್ಟೆಯ ಮೇಲೆ ಯಂತ್ರದ ಹಿಡಿಕೆ ಆಡಿಸುತ್ತಿದ್ದವಳು ಪೂನಮ. ರಾಯಬಾಗದ ಕಡೆಯವಳು, ಅರ್ಧ ನರ್ಸಿಂಗ್ ಓದಿ ಬಿಟ್ಟಿದ್ದಳು. ಯಂತ್ರದ ಚಿತ್ರ ಈ ಕಂಪ್ಯೂಟರಿನ ಪರದೆಗೆ ಬರುತ್ತಿತ್ತು. ಆ ಪರದೆಯನ್ನು ಬೇರೆಲ್ಲೋ ಕುಳಿತು ಯಾರೋ ನೋಡುತ್ತಿದ್ದರು. ನೋಡಿದ ಮೇಲೆ ಬಾಣ ತಾನಾಗಿ ಚಲಿಸುತ್ತಿತ್ತು. ಮೇಲಿನ ಮೂಲೆಗೆ ಹೋದರೆ ಗಂಡು, ಕೆಳಗಿನ ಮೂಲೆಗೆ ಹೋದರೆ ಹೆಣ್ಣು. ಮಾತಿಲ್ಲ, ಮುಖವಿಲ್ಲ, ಸಹಿಯಿಲ್ಲ.

ಇದಕ್ಕೆ ಬಳಸಿದ್ದು ಕಳ್ಳಮಾಲಲ್ಲ ಎಂದು ರೂಪೇಶ ಮೊದಲ ದಿನವೇ ತಿಳಿಸಿ ಹೇಳಿದ್ದ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರ್ ಅದು. ಅದನ್ನು ಬರೆದವರು ಅದರ ಒಳಗುಟ್ಟನ್ನೂ ಜಗತ್ತಿಗೆ ಬಿಟ್ಟುಕೊಟ್ಟಿದ್ದಾರೆ. ಒಂದು ಕಂಪ್ಯೂಟರಿನ ಪರದೆಯನ್ನು ಇದ್ದಂತೆಯೇ ಇನ್ನೊಂದರ ಮೇಲೆ ಮೂಡಿಸುವುದಷ್ಟೇ ಅದರ ಕೆಲಸ. ಇತ್ತ ಲಿನಕ್ಸ್ ಇರಲಿ, ಅತ್ತ ವಿಂಡೋಸ್ ಇರಲಿ, ಮೊಬೈಲೇ ಇರಲಿ, ಅದಕ್ಕೆ ಭೇದವಿಲ್ಲ. ಬ್ಯಾಂಕಿನವರು, ಕಾಲೇಜಿನವರು, ಕಾರ್ಖಾನೆಯವರು ಎಲ್ಲರೂ ಬಳಸುತ್ತಾರೆ. ಒಳ್ಳೆಯ ಕೆಲಸಕ್ಕೆಂದೇ ಮಾಡಿದ್ದು ಎಂದು ಅವನು ಹೇಳುವಾಗ ದನಿಯಲ್ಲಿ ಸ್ವಲ್ಪ ನೋವಿತ್ತು.

ನೋಡಿದವರ ವಿಳಾಸ ಸಿಗಲಿಲ್ಲವೇ ಎಂದು ಅನುಸೂಯಾ ಆಗಲೇ ಕೇಳಿದ್ದಳು. ದಾಖಲಾಗಿತ್ತು, ಆದರೆ ಎಲ್ಲ ಕಡೆಯೂ ಒಂದೇ ವಿಳಾಸ: ಈ ಕಂಪ್ಯೂಟರಿನದೇ. ಬಂದವರು ಗುಪ್ತ ಸುರಂಗದಂಥ ದಾರಿ ಮಾಡಿಕೊಂಡು ಒಳಗಿನಿಂದಲೇ ಎದ್ದವರಂತೆ ಬಂದಿದ್ದರು. ಮನೆಯೊಳಗಿನ ಕಳ್ಳನ ಹಾಗೆ.

ಆದ್ದರಿಂದ ಈ ಗಾಳ. ಕಂಪ್ಯೂಟರಿನೊಳಗಿದ್ದ ಎಲ್ಲದರ ನಕಲು ತೆಗೆದಿಟ್ಟುಕೊಂಡು, ಅದನ್ನು ಮತ್ತೆ ಇದೇ ಕೋಣೆಗೆ ತಂದು, ಇಂಟರ್ನೆಟ್ಟಿಗೆ ಜೋಡಿಸಿ ಇಟ್ಟಿದ್ದರು. ಬಾಣ ತಾನಾಗಿ ಅಲುಗಿದರೆ ಆ ಕೈ ಮತ್ತೆ ಬಂದಿದೆ ಎಂದರ್ಥ. ಆಗ ರೂಪೇಶ ಸುರಂಗದ ಆ ತುದಿಯನ್ನು ಹುಡುಕಲು ನೋಡುವವನಿದ್ದ. ಬೆಳಗಿನಿಂದ ಬಾಣ ಅಲುಗಿರಲಿಲ್ಲ.

“ಹೆಂಗ ಹೋಗ್ತಿತ್ತು, ನೀನ ತೋರಸು,” ಎಂದಳು ಅನುಸೂಯಾ.

ಪೂನಮ ಮೌಸ್ ಹಿಡಿದಳು. ಬಾಣವನ್ನು ಪರದೆಯ ನಡುವಿನಿಂದ ಕೆಳಗಿನ ಮೂಲೆಗೆ ಒಂದೇ ಗೆರೆಯಲ್ಲಿ ಒಯ್ದಳು. ಅಲ್ಲಿ ಅದು ಮೊಳೆ ಹೊಡೆದಂತೆ ನಿಂತಿತು. “ಹಿಂಗ್ರಿ. ಎಲ್ಲೂ ತಡೀತಿದ್ದಿಲ್ಲ. ಮೊದಲ ಕಣ್ಣ ಹೋಗಿ ಜಾಗಾ ನೋಡಿ, ಆಮ್ಯಾಲ ಕೈ ಬಂದಂಗ.”

“ಯಾವಾಗ್ಲೂ ಹಿಂಗನಾ?”

ಪೂನಮ ತಡವರಿಸಿದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬೆದರಿಕೆಯ ಫೋನು ಬರತೊಡಗಿದ ಮೇಲೆ ಅವಳಾಗಿ ಠಾಣೆಗೆ ಬಂದು ಹೇಳಿಕೆ ಕೊಟ್ಟಿದ್ದಳು. ಹಾಗೆ ಬಂದದ್ದಕ್ಕೇ ಈಗ ಅವಳ ಕೊರಳಿಗೆ ಹಗ್ಗ ಬೀಳುವುದರಲ್ಲಿತ್ತು.

“ಇನ್ನೊಂದ ನಮೂನಿನೂ ಇತ್ರಿ,” ಎಂದಳು ಕೊನೆಗೆ. “ಮೇಘಾ ಬಂದ ದಿನ ಅಷ್ಟ ನೋಡೀನಿ. ಬಾಣ ಕೆಳಗ ಹೊಂಟಿತ್ತು. ನಡುವ ನಡುಗಾಕ ಚಾಲೂ ಮಾಡ್ತು. ಚಳಿ ಬಂದವರ ಕೈಯಾಗ ದಾರ ಹಿಡದಂಗ. ನಡುಗಿಕೋತ ಮ್ಯಾಲ ಹೋಗಿ ಆ ಚಿತ್ರದ ಕಿಡಕಿ ಮುಚ್ಚಾಕ ನೋಡ್ತು. ಅಷ್ಟರಾಗ ಯಾರೋ ಜಗ್ಗಿದಂಗ ಮತ್ತ ಕೆಳಗ ಬಂತು. ಮತ್ತ ಮ್ಯಾಲ. ಇಬ್ಬರು ಒಂದ ಹಗ್ಗಕ್ಕ ಜಗ್ಗಾಡಿದಂಗ್ರಿ.”

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ಬಾಣ ನಡುಗಿತು ಅಂದ್ರ ನೀವು ನಂಬ್ತಿದ್ರೇನ್ರಿ?”

ಅನುಸೂಯಾ ರೂಪೇಶನ ಮುಖ ನೋಡಿದಳು. ಆಗುತ್ತದೆ ಎಂದ ಅವನು. ಒಂದೇ ಪರದೆಯನ್ನು ಇಬ್ಬರು ಬೇರೆ ಬೇರೆ ಊರಿನಿಂದ ಒಟ್ಟಿಗೆ ನೋಡಬಹುದು. ನೋಡುವವರು ಎಷ್ಟು ಮಂದಿ ಇದ್ದರೂ ಬಾಣ ಮಾತ್ರ ಒಂದೇ. ಇಬ್ಬರೂ ಕೈ ಹಾಕಿದರೆ ಅದು ಜಗ್ಗಾಡುತ್ತದೆ.

ಹಾಗಾದರೆ ಅಂದು ಮೇಘಾಳ ಪರದೆಯ ಮುಂದೆ ಇಬ್ಬರಿದ್ದರು. ಒಬ್ಬರು ಹೇಳುವುದಕ್ಕೆ ಬಂದವರು. ಇನ್ನೊಬ್ಬರು ತಡೆಯುವುದಕ್ಕೆ.

ರೂಪೇಶ ಅದೇ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ಪೂನಮಳ ಹೇಳಿಕೆಯನ್ನು ಟೈಪ್ ಮಾಡುತ್ತಿದ್ದ. ನಡುನಡುವೆ ತನ್ನ ಮೊಬೈಲಿನಿಂದಲೂ ಈ ಪರದೆಯನ್ನು ತೆರೆದು ನೋಡಿದ, ಎಲ್ಲ ಸರಿ ಇದೆಯೇ ಎಂದು. ಮೊಬೈಲಿನೊಳಗೆ ಆ ಕೋಣೆಯ ಪರದೆ ಅಂಗೈಯಷ್ಟಾಗಿ ಮೂಡಿತು. ಅವನ ಹುಬ್ಬು ಮೇಲೇರಿತು. ಹಳೆಯ ನಕಲಿನಲ್ಲಿ ಎಷ್ಟೋ ಕಡತ ಹುಡುಕಿದ್ದ, ಆದರೆ ಆ ತುದಿಯವರಿಗೆ ಇದು ಹೇಗೆ ಕಾಣುತ್ತದೆ ಎಂದು ನೋಡಿರಲಿಲ್ಲ. ಪರದೆಯ ತಲೆಯ ಮೇಲೆ ಒಂದು ಹೆಸರಿತ್ತು. ಸಾಫ್ಟ್‌ವೇರನ್ನು ಮೊದಲು ಹಾಕಿದವರು ಈ ಕಂಪ್ಯೂಟರಿಗೆ ಇಟ್ಟ ಹೆಸರು. ಆಮೇಲೆ ಬಂದವರು ಅದನ್ನು ಬದಲಿಸಿರಲಿಲ್ಲ.

‘ಶ್ರೇಣಿಕ–ಕಾಗವಾಡ.’

ಅನುಸೂಯಾಗೆ ಆ ಹೆಸರು ಗೊತ್ತಿತ್ತು. ಅಥಣಿಯ ಡಾಕ್ಟರ್ ಶ್ರೇಣಿಕ. ಮುಚ್ಚಿಹೋದ ಕಾಗವಾಡದ ಧರ್ಮಾರ್ಥ ದವಾಖಾನೆಗೆ ಎಕ್ಸ್-ರೇ ನೋಡುತ್ತಿದ್ದವರು. ಈಗ ಯಾವ ಕೆಲಸವೂ ಇಲ್ಲ. ಅವರ ಮನೆಗೆ ಅವಳು ಹೋಗಿರಲಿಲ್ಲ. ಪಟ್ಟಣದಲ್ಲಿ ಎಲ್ಲರೂ ಅವರ ಕೈ ಬಿದ್ದುಹೋಗಿದೆ ಎಂದಿದ್ದರು.

ಬಿದ್ದುಹೋಗಿದೆ ಎಂದರೆ ಏನೆಂದು ಆಗ ಅವಳು ಕೇಳಿರಲಿಲ್ಲ.

ಪೂನಮಳನ್ನು ಮನೆಗೆ ಕಳಿಸುವುದು ಕ್ಷೇಮವಲ್ಲವೆಂದು ಅವಳನ್ನು ಯಡೂರಿಗೆ, ಸೋದರತ್ತೆ ದುಂಡವ್ವನಲ್ಲಿಗೆ ಹೋಗಿರಲು ಅನುಸೂಯಾ ಹೇಳಿದಳು. ದುಂಡವ್ವ ವೀರಭದ್ರನ ಗುಡಿಯ ಹತ್ತಿರ ಕಾಯಿ, ಹೂವು ಮಾರುವವಳು. ಅಲ್ಲಿ ದಿನವಿಡೀ ಜನ ಇರುತ್ತಾರೆ. ಯಾರಿಗೂ ಹೇಳಬೇಡ, ನಾನು ಫೋನ್ ಮಾಡಿದರೆ ಮಾತ್ರ ಎತ್ತು ಎಂದಳು. ಪೂನಮ ತಲೆಯಾಡಿಸಿ ಬಸ್ಸಿಗೆ ನಡೆದಳು. ಕಬ್ಬಿನ ಸಾಲಿನ ಪಕ್ಕದಲ್ಲಿ ಅವಳ ಹಸಿರು ಓಢಣಿ ಸ್ವಲ್ಪ ಹೊತ್ತು ಕಂಡು ಮರೆಯಾಯಿತು.

* * *

ಅಥಣಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಪ್ರತಿ ಟ್ರ್ಯಾಕ್ಟರಿನಲ್ಲೂ ಮರಾಠಿ ಲಾವಣಿ. ಜೀಪು ಓಡಿಸುತ್ತಿದ್ದ ಲಕ್ಷ್ಮಣ ಎಲ್ಲಕ್ಕೂ ಹಿಂದೆಯೇ ನಿಧಾನ ಸಾಗುತ್ತಿದ್ದ. ಅವನಿಗೂ ದಣಿವಾಗಿತ್ತು. ಓವರ್‌ಟೇಕ್ ಮಾಡುವ ಹುರುಪು ಇಬ್ಬರಲ್ಲೂ ಉಳಿದಿರಲಿಲ್ಲ.

ದಾರಿಯಲ್ಲಿ ಮೇಲಧಿಕಾರಿಯ ಫೋನು ಬಂತು. ಸೋಮವಾರ ಆರೋಪಪಟ್ಟಿ ಸಲ್ಲಿಸಬೇಕು ಎಂದರು ಅವರು. ಯಾರ ಮೇಲೆ ಎಂದು ಅನುಸೂಯಾ ಕೇಳಿದಳು. ರಾವಸಾಹೇಬ ಮತ್ತು ಆ ಹುಡುಗಿ, ಇನ್ಯಾರು ಎಂದರು. ಹಿಡಿಕೆ ಹಿಡಿದದ್ದು ಅವಳೇ, ಚಿತ್ರ ತೆಗೆದದ್ದು ಅವಳೇ, ಕಂಪ್ಯೂಟರ್ ಇದ್ದದ್ದು ಅವಳ ಮುಂದೆ. ಕಾಣದ ಡಾಕ್ಟರನ್ನು ಕೋರ್ಟಿಗೆ ಹೇಗೆ ತೋರಿಸುತ್ತೀರಿ? ಬಾಣವನ್ನು ಕಟಕಟೆಗೆ ಹತ್ತಿಸುತ್ತೀರಾ?

ಅವರು ಕೆಟ್ಟವರಲ್ಲ. ಅವರಿಗೂ ಮೇಲಿನವರಿದ್ದರು. ಅನುಸೂಯಾ ಆಯಿತು ಸರ್ ಎಂದು ಫೋನಿಟ್ಟಳು.

ಅವಳಪ್ಪ ರಾಯಬಾಗದ ಕಡೆ ಕುರಿ ಕಾಯುತ್ತಿದ್ದ. ಕತ್ತಲಲ್ಲಿ ಹಿಂಡಿನೊಳಕ್ಕೆ ಕೈ ಹಾಕಿ ಉಣ್ಣೆ ಮುಟ್ಟಿದರೆ ಅದು ಯಾವ ಕುರಿ ಎಂದು ಹೇಳುತ್ತಿದ್ದ. ಪೂನಮ ಬಾಣದ ಓಟ ನೋಡಿ ಕೈ ಗುರುತಿಸುತ್ತಾಳೆಂದರೆ ಅವಳಿಗೆ ಅದರಲ್ಲಿ ಅಂಥ ವಿಚಿತ್ರ ಕಾಣಲಿಲ್ಲ. ಆದರೆ ನ್ಯಾಯಾಧೀಶರ ಅಪ್ಪ ಕುರಿ ಕಾಯ್ದವನಾಗಿರಬೇಕೆಂದಿಲ್ಲವಲ್ಲ.

ಡಾಕ್ಟರ್ ಶ್ರೇಣಿಕರ ಮನೆ ಅಥಣಿಯ ಪೇಟೆಯಲ್ಲಿತ್ತು. ಕೆಳಗೆ ತಮ್ಮನ ಬಟ್ಟೆ ಅಂಗಡಿ, ಮದುವೆ ಜವಳಿಗೆ ಬಂದವರ ಗದ್ದಲ. ಮೇಲಿನ ಕೋಣೆಯಲ್ಲಿ ಡಾಕ್ಟರರು ಊಟಕ್ಕೆ ಕುಳಿತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆತನ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅನ್ನ ತಟ್ಟೆಗೆ ಉದುರುತ್ತಿತ್ತು. ಅವರ ಬಲಗೈ ಒಂದೇ ಸಮನೆ ನಡುಗುತ್ತಿತ್ತು.

ಅನುಸೂಯಾ ಕಾದಳು. ಊಟದ ಮೇಲಿಂದ ಮನುಷ್ಯನನ್ನು ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಮೇಜಿನ ಮೇಲೆ ಮುಚ್ಚಿದ ಲ್ಯಾಪ್‌ಟಾಪ್ ಇತ್ತು. ಸುಮ್ಮನೆ ಅದರ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಈಗ ತಾನೇ ಮುಚ್ಚಿದ್ದರು.

ಕೈ ತೊಳೆದು ಬಂದ ಡಾಕ್ಟರರು ಅದನ್ನು ಕಂಡರು. ಎದುರು ಕುಳಿತು, ನಡುಗುವ ಕೈಯ ಮೇಲೆ ಇನ್ನೊಂದು ಕೈಯಿಟ್ಟು ಅದುಮಿದರು.

“ಉಗಾರದಾಗಿನ ಕಂಪ್ಯೂಟರಿಗೆ ನಿಮ್ಮ ಹೆಸರೈತ್ರಿ, ಡಾಕ್ಟರ್ ಸಾಹೇಬ್ರ,” ಎಂದಳು ಅನುಸೂಯಾ.

ಅವರು ಒಪ್ಪಿಕೊಂಡರು. ಕಾಗವಾಡದ ದವಾಖಾನೆಗೆ ಎಕ್ಸ್-ರೇ ಓದುವವರು ಸಿಗುತ್ತಿರಲಿಲ್ಲ. ಕೈಕಾಲು ಮುರಿದುಕೊಂಡವರು ಚಿತ್ರ ಹಿಡಿದು ಮಿರಜಕ್ಕೆ ಹೋಗಬೇಕಿತ್ತು. ಅದಕ್ಕೇ ತಾವು ಈ ಪುಕ್ಕಟೆ ಸಾಫ್ಟ್‌ವೇರ್ ಹುಡುಕಿ, ಪುಸ್ತಕ ನೋಡಿ ಕಲಿತು, ಕೈಯಾರೆ ಕಂಪ್ಯೂಟರಿಗೆ ಹಾಕಿದ್ದಾಗಿ ಹೇಳಿದರು. ಕಾಗವಾಡದ ಪರದೆ ಅಥಣಿಯ ಈ ಮೇಜಿನ ಮೇಲೆ ಮೂಡುತ್ತಿತ್ತು. ಎಲುಬು ಎಲ್ಲಿ ಬಿರುಕು ಬಿಟ್ಟಿದೆ ಎಂದು ಬಾಣದಿಂದ ತೋರಿಸುತ್ತಿದ್ದರು. ಅಲ್ಲಿ ಕಲಿಯಲು ಬಂದ ಎಳೆಯ ಡಾಕ್ಟರರು ಸುತ್ತ ನಿಂತು ನೋಡುತ್ತಿದ್ದರು. ಎಷ್ಟು ಚಂದದ ದಿನಗಳು ಅವು ಎಂದು ಹೇಳುವಾಗ ಅವರ ಮುಖ ಒಂದು ಗಳಿಗೆ ಅರಳಿ ಮತ್ತೆ ಬಾಡಿತು. ದವಾಖಾನೆ ಮುಚ್ಚಿತು. ಸಾಮಾನು ಹರಾಜಾಯಿತು. ಆ ಕಂಪ್ಯೂಟರ್ ಯಾರ ಪಾಲಾಯಿತೆಂದು ಅವರು ಕೇಳಿರಲಿಲ್ಲ.

“ಕೇಳಿರಲಿಲ್ಲ ಅಂತೀರಿ,” ಎಂದಳು ಅನುಸೂಯಾ. “ಆದ್ರ ನೋಡಿದ್ರಿ.”

ಕೆಳಗಿನ ಅಂಗಡಿಯಲ್ಲಿ ಯಾರೋ ಸೀರೆಯ ಬಣ್ಣಕ್ಕೆ ಜಗಳ ಆಡುತ್ತಿದ್ದರು. ಡಾಕ್ಟರರು ಕಿಟಕಿಯ ಕಡೆ ಮುಖ ಮಾಡಿದರು.

ಅನುಸೂಯಾ ದನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ. ಪೂನಮ ಕಂಡದ್ದನ್ನು ಅವಳ ಮಾತಿನಲ್ಲೇ ಹೇಳಿದಳು: ಕೆಳಗೆ ಹೊರಟ ಬಾಣ, ನಡುಕ, ಮೇಲಕ್ಕೆ ಎಳೆದದ್ದು, ಯಾರೋ ಮತ್ತೆ ಕೆಳಕ್ಕೆ ಜಗ್ಗಿದ್ದು. ಹೇಳಿ ಮುಗಿಸಿ ಡಾಕ್ಟರರ ಕೈಯನ್ನೇ ನೋಡಿದಳು. ಅದುಮಿದ ಕೈಯ ಕೆಳಗೆ ಅದು ಹಕ್ಕಿಯ ಹಾಗೆ ಒದ್ದಾಡುತ್ತಿತ್ತು.

“ಆ ದಿನ ಕಿಡಕಿ ಮುಚ್ಚಾಕ ನೋಡಿದ್ದು ನೀವು.”

ಅವರು ಹೌದೆಂದರು.

ಆಮೇಲೆ ಮಾತು ತಾನಾಗಿ ಬಂತು. ಕೈ ಕೆಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಳೆಯ ಚಟಕ್ಕೆ ಲ್ಯಾಪ್‌ಟಾಪ್ ತೆರೆದು ಕಾಗವಾಡದ ಹೆಸರನ್ನು ಒತ್ತಿದರು. ಸತ್ತಿದ್ದ ಪರದೆ ಬೆಳಗಿತು. ಮೊದಲು ಅವರಿಗೆ ಸಂತೋಷವಾಯಿತಂತೆ. ದವಾಖಾನೆ ಮತ್ತೆ ತೆರೆದಿರಬೇಕು ಎಂದುಕೊಂಡರಂತೆ. ಗರ್ಭದ ಚಿತ್ರ ಕಂಡಾಗಲೂ ಅನುಮಾನ ಬರಲಿಲ್ಲ. ಬಾಣ ಬರೀ ಎರಡು ಮೂಲೆಗೆ ಹೋಗಿ ನಿಲ್ಲುವುದನ್ನು ಕಂಡ ಮೇಲೆ ತಿಳಿಯಿತು.

“ತಿಳದ ಮ್ಯಾಲ ಠಾಣೆಕ್ಕ ಬರಬೇಕಿತ್ತಲ್ರಿ. ಮೇಘಾ ಬದಕ್ತಿದ್ಲು.”

“ಗೊತ್ತೈತಿ.”

“ಎರಡು ಕೂಸ ಅದಾವ ಆಕಿಗೆ. ಸಣ್ಣದು ಇನ್ನೂ ಬಾಗಲದಾಗ ಕುಂತು ಅವ್ವನ ಹಾದಿ ಕಾಯ್ತೈತಿ. ನಾ ನೋಡಿ ಬಂದೀನಿ.”

“ಮೇಡಮ್, ಆ ಕೈ ನನಗ ಗೊತ್ತಿತ್ತು,” ಎಂದರು. “ಮೊದಲ ಕಣ್ಣು ಹೋಗಬೇಕು, ಆಮ್ಯಾಲ ಬಾಣ ಹೋಗಬೇಕು. ಹೋದ ಜಾಗದಾಗ ಅಲುಗಬಾರದು. ಇದನ್ನ ಕಲಿಸಿದಾವ ನಾನ.”

ನಿಪ್ಪಾಣಿಯಿಂದ ರಾಯಬಾಗದವರೆಗೆ ಇವರ ಹತ್ತಿರ ಕಲಿತು ಹೋದವರು ಎಷ್ಟೋ ಮಂದಿ. ಅವರಲ್ಲಿ ಕೆಲವರ ಚಹಾವನ್ನು ಅನುಸೂಯಾಳೇ ಕುಡಿದು ಬಂದಿದ್ದಳು. ಹೆಸರು ಹೇಳಿರಿ ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಪೂನಮ ಎಂಬ ಹುಡುಗಿ ಸೋಮವಾರ ಆರೋಪಿಯಾಗುತ್ತಾಳೆ ಎಂದಳು. ಅವರು ಕಣ್ಣು ಮುಚ್ಚಿದರು. ತಾವೇ ಮಾಡಿದ್ದೆಂದು ಬರೆದುಕೊಡುವುದಾಗಿ ಹೇಳಿದರು. ಆ ಬಾಣ ನಡುಗದೆ ನಿಲ್ಲುತ್ತಿತ್ತು, ನಿಮ್ಮ ಕೈಯಲ್ಲಿ ಒಂದು ಚಮಚ ನಿಲ್ಲುವುದಿಲ್ಲ, ನಾನು ಅದನ್ನು ಹೇಗೆ ಬರೆದುಕೊಳ್ಳಲಿ ಎಂದು ಅನುಸೂಯಾ ಕೇಳಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

“ಆ ದಿನದ ಮ್ಯಾಲ ಮತ್ತ ತಡಿಯಾಕ ಹೋಗಲಿಲ್ಲೇನ್ರಿ?” ಎಂದಳು.

“ತಡಿಯಾಕ ಬರಲಿಲ್ಲ. ಕೀಲಿ ಬದಲ ಮಾಡಿಬಿಟ್ರು.”

ಏನು ಕೀಲಿ ಎಂದು ಅವಳು ಕೇಳಿದಳು. ಆ ಸಾಫ್ಟ್‌ವೇರಿಗೆ ಎರಡು ಪಾಸ್‌ವರ್ಡ್ ಇಡಬಹುದು ಎಂದು ಅವರು ಹೇಳಿದರು. ಒಂದು ಪೂರ್ತಿ ಅಧಿಕಾರದ್ದು. ನೋಡಲೂಬಹುದು, ಬಾಣ ಆಡಿಸಲೂಬಹುದು. ಇನ್ನೊಂದು ಬರೀ ನೋಡುವುದಕ್ಕೆ. ಕಲಿಯುವ ಹುಡುಗರು ಮನೆಯಲ್ಲಿ ಕುಳಿತು ನೋಡಲೆಂದು ಅದನ್ನು ತಾವು ಕೊಟ್ಟಿದ್ದರು. ಮೇಘಾಳ ದಿನ ಜಗ್ಗಾಡಿದ ಮೇಲೆ ಆ ಕೈ ಮೊದಲನೆಯದನ್ನು ಬದಲಿಸಿತು. ಎರಡನೆಯದು ಅದರ ನೆನಪಿಗೆ ಬರಲಿಲ್ಲವೋ, ಇದ್ದರೆ ಇರಲಿ ಎಂದು ಬಿಟ್ಟಿತೋ ಗೊತ್ತಿಲ್ಲ. ಅಂದಿನಿಂದ ತಾವು ಬರೀ ನೋಡುವವರು.

“ನೋಡೂದಷ್ಟ ಆದ್ರ ಬಾಣ ಅಲುಗೂದಿಲ್ಲೇನ್ರಿ?”

“ಏನೂ ಅಲುಗೂದಿಲ್ಲ. ಅಲ್ಲಿ ಕುಂತವರಿಗೆ ಗೊತ್ತ ಆಗೂದಿಲ್ಲ.”

ಅವಳು ಏನನ್ನೋ ಹಿಡಿಯಲು ಹೊರಟವಳಂತೆ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಡಾಕ್ಟರರೇ ಮಾತಾಡಿದರು. ಅವರ ದನಿ ಬೇಡುವವರ ದನಿಯಾಗಿತ್ತು.

“ತಂಗಿ, ನನಗ ಏನ ಮಾಡಬೇಕಂತೀ ಮಾಡು. ಆ ಯಡೂರಿಗೆ ಹೋದ ಹುಡುಗಿನ್ನ ಬಿಟ್ಟಬಿಡು. ಆಕಿದು ಏನೂ ತಪ್ಪಿಲ್ಲ.”

ಅನುಸೂಯಾಳ ಬೆನ್ನು ನೆಟ್ಟಗಾಯಿತು.

ಪೂನಮ ಯಡೂರಿಗೆ ಹೋದದ್ದು ಮೂವರಿಗೆ ಗೊತ್ತಿತ್ತು. ಪೂನಮಳಿಗೆ, ತನಗೆ, ರೂಪೇಶನಿಗೆ. ಲಕ್ಷ್ಮಣನಿಗೂ ಅವಳು ಹೇಳಿರಲಿಲ್ಲ.

“ಆಕಿ ಯಡೂರಿಗೆ ಹೋಗ್ಯಾಳ ಅಂತ ನಿಮಗ ಯಾರು ಹೇಳಿದ್ರು?”

ಡಾಕ್ಟರರು ಲ್ಯಾಪ್‌ಟಾಪಿನ ಕಡೆ ನೋಡಿದರು. ಅದನ್ನು ತೆರೆಯಲು ಹೋದರು. ಕೈ ಹಿಡಿತಕ್ಕೆ ಸಿಗಲಿಲ್ಲ. ಅನುಸೂಯಾಳೇ ತೆರೆದಳು. ಪರದೆ ಬೆಳಗಿತು. ಉಗಾರದ ಕೋಣೆಯ ಕಂಪ್ಯೂಟರು ಅಲ್ಲಿ ಮೂಡಿತು. ಅದರ ನಡುವೆ ರೂಪೇಶ ಬೆಳಿಗ್ಗೆ ತೆರೆದ ಪುಟ. ಪೂನಮಳ ಹೆಸರು, ನೇರ ಓಡುವ ಬಾಣ, ನಡುಗುವ ಬಾಣ, ಎಲ್ಲ. ಕೊನೆಯಲ್ಲಿ, ಸಾಕ್ಷಿ ಸದ್ಯಕ್ಕೆ ಇರುವ ಸ್ಥಳ: ಯಡೂರು, ವೀರಭದ್ರ ದೇವಸ್ಥಾನದ ಹತ್ತಿರ, ಸೋದರತ್ತೆ ದುಂಡವ್ವನ ಮನೆ.

“ನೀವ ತೋರಿಸಿದ್ರಲ್ಲ,” ಎಂದರು ಡಾಕ್ಟರರು. “ಮುಂಜಾನಿಂದ ನಾ ನೋಡಾಕತ್ತೀನಿ.”

ಹಾಗೆಂದವರ ಮುಖ ಮಾತು ಮುಗಿಯುವ ಮೊದಲೇ ಬಿಳಿಚಿತು. ತಾವು ನೋಡಬಹುದಾದರೆ ಇನ್ನೊಬ್ಬರೂ ನೋಡಬಹುದು ಎಂಬುದು ಅವರಿಗೂ ಆಗಲೇ ಹೊಳೆದಿತ್ತು.

ಅನುಸೂಯಾ ರೂಪೇಶನಿಗೆ ಫೋನ್ ಮಾಡಿದಳು. ಈಗ ಆ ಪರದೆಯನ್ನು ಯಾರಾದರೂ ನೋಡುತ್ತಿದ್ದಾರೆಯೇ ನೋಡು ಎಂದಳು. ಬಾಣ ಅಲುಗಿಲ್ಲ ಎಂದ ಅವನು. ಬಾಣವನ್ನು ಬಿಡು, ಎಷ್ಟು ಮಂದಿ ಒಳಗಿದ್ದಾರೆ ಎಂದು ನೋಡು ಎಂದಳು. ಆ ತುದಿಯಲ್ಲಿ ಕೀಲಿಮಣೆಯ ಸದ್ದು ಕೇಳಿತು.

“ಮೇಡಮ್,” ಎಂದ ರೂಪೇಶ. ಅವನ ದನಿ ಹೂತುಹೋಗಿತ್ತು. “ಯಾರರ ಒಳಗ ಬಂದ್ರ ಇಲ್ಲೊಂದ ಸಣ್ಣ ಗುರ್ತಿನ ಬಣ್ಣ ಬದಲ ಆಗತೈತ್ರಿ. ಮುಂಜಾನೆ ಬದಲ ಆಗಿತ್ತು. ನನ್ನ ಮೊಬೈಲಿಂದು ಅಂತ ತಿಳ್ಕೊಂಡ್ನಿ. ಮೊಬೈಲ್ ಬಂದ್ ಮಾಡಿದ ಮ್ಯಾಲೂ ಹಂಗ ಐತಿ, ನಾ ಲಕ್ಷ್ಯ ಕೊಡಲಿಲ್ಲ. ಈಗ ಒಬ್ಬರು ಒಳಗ ಅದಾರ.”

ಆ ಒಬ್ಬರು ಈ ಕೋಣೆಯ ಲ್ಯಾಪ್‌ಟಾಪ್. “ಮೊದಲ?” ಎಂದಳು.

“ಮೊದಲ ಇಬ್ಬರಿದ್ರು. ಪೂನಮಂದು ಅಡ್ರೆಸ್ ನಾ ಟೈಪ್ ಮಾಡಿದ ಮ್ಯಾಲ ಒಬ್ಬರು ಹೊರಗ ಹೋಗ್ಯಾರ.”

ಅವನನ್ನು ಬೈಯಲು ಅನುಸೂಯಾಗೆ ತೋಚಲಿಲ್ಲ. ಅವಳೇ ಪಕ್ಕದಲ್ಲಿ ನಿಂತು ಅವನು ಟೈಪ್ ಮಾಡುವುದನ್ನು ನೋಡಿದ್ದಳು. ಫೋನ್ ಕತ್ತರಿಸಿ ಪೂನಮಳ ನಂಬರು ಒತ್ತಿದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, ಕೆಳಗಿದ್ದ ಲಕ್ಷ್ಮಣನನ್ನು ಕಿಟಕಿಯಿಂದ ಕೂಗಿ ಜೀಪು ತಿರುಗಿಸಲು ಹೇಳಿದಳು.

ಫೋನು ಬಹಳ ಹೊತ್ತು ರಿಂಗಾಯಿತು. ಕೊನೆಗೆ ಪೂನಮ ಎತ್ತಿದಳು. ಹಿಂದೆ ಗುಡಿಯ ಗಂಟೆ ಕೇಳುತ್ತಿತ್ತು. ಅವಳ ದನಿಯಲ್ಲಿ ಹಲವು ದಿನಗಳ ಮೇಲೆ ಸ್ವಲ್ಪ ನೆಮ್ಮದಿ ಇತ್ತು.

“ಬಂದ್ನಿರಿ ಮೇಡಮ್ಮಾರ, ಹೊಂಟೀನಿ. ನೀವು ಕಳಿಸಿದ ಅಕ್ಕಾರು ಬಂದಾರ್ರಿ. ಗಾಡಿ ಹತ್ತಾಕತ್ತೀನಿ.”

“ಪೂನಮ, ನಾ ಯಾರ್ನೂ ಕಳಿಸಿಲ್ಲ. ಗಾಡಿ ಹತ್ತಬ್ಯಾಡ. ಗುಡಿಯೊಳಗ ಹೋಗು, ಮಂದಿ ಇದ್ದಲ್ಲಿ ನಿಂದರು.”

ಆ ತುದಿಯಲ್ಲಿ ಗಾಡಿಯ ಬಾಗಿಲು ಮುಚ್ಚಿದ ಸದ್ದು. ಅದರ ಹಿಂದೆಯೇ ಒಂದು ಹೆಣ್ಣುದನಿ. ಅವಸರವಿಲ್ಲದ, ರೋಗಿಗಳ ಜೊತೆ ಮಾತಾಡಿ ರೂಢಿಯಾದ ದನಿ.

“ಫೋನ್ ಇಲ್ಲಿ ಕೊಡವಾ. ನಾ ಮಾತಾಡ್ತೀನಿ ಅವರ ಕೂಡ.”

ಕರೆ ಕಡಿದುಹೋಯಿತು.

ಅನುಸೂಯಾ ಮತ್ತೆ ಒತ್ತಿದಳು. ಫೋನು ಸ್ವಿಚ್ ಆಫ್ ಆಗಿತ್ತು. ಅಂಕಲಿಯ ಸೇತುವೆಯ ಹತ್ತಿರದ ಚೌಕಿಗೆ, ಚಿಕ್ಕೋಡಿಗೆ, ಕೈಗೆ ಸಿಕ್ಕ ನಂಬರುಗಳಿಗೆಲ್ಲ ಫೋನ್ ಮಾಡುತ್ತ ಅವಳು ಮೆಟ್ಟಿಲ ಕಡೆ ಹೊರಟಳು. ಗಾಡಿಯ ಬಣ್ಣ ಗೊತ್ತಿಲ್ಲ, ನಂಬರು ಗೊತ್ತಿಲ್ಲ; ಹಸಿರು ಓಢಣಿಯ ಹುಡುಗಿ ಇರುವ ಯಾವ ಗಾಡಿಯನ್ನೂ ಬಿಡಬೇಡಿ ಎಂದಷ್ಟೇ ಹೇಳಲು ಅವಳಿಂದಾಯಿತು.

ಹಿಂದಿನಿಂದ ಕುರ್ಚಿ ಉರುಳಿದ ಸದ್ದಾಯಿತು. ಡಾಕ್ಟರ್ ಶ್ರೇಣಿಕರು ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದರು. ಆ ದನಿಯನ್ನು ಅವರು ಗುರುತು ಹಿಡಿದಿದ್ದರು. ಅದು ಅವರು ಬಾಣ ಹಿಡಿಯಲು ಕಲಿಸಿದವಳ ದನಿಯೇ ಎಂದು ಕೇಳುವ ಅಗತ್ಯವೇ ಇರಲಿಲ್ಲ.

“ಆಕಿಗೆ ಏನೂ ಆಗಬಾರದು, ತಂಗಿ,” ಎಂದರು. “ನಿನಗ ಕೈ ಮುಗಿತೀನಿ. ಆಕಿಗೆ ಏನೂ ಆಗಬಾರದು.”

ಅನುಸೂಯಾ ಮೆಟ್ಟಿಲ ಮೇಲೆ ತಿರುಗಿ ನಿಂತಳು.

“ಯಾವಾಕಿಗೆ, ಡಾಕ್ಟರ್ ಸಾಹೇಬ್ರ?”

ಅವರ ಕಣ್ಣು ಮೇಜಿನ ಮೇಲಿನ ಪರದೆಗೆ, ಅಲ್ಲಿ ಅಲುಗದೆ ನಿಂತ ಬಾಣಕ್ಕೆ ಹೋಯಿತು.